ಜೀಬ್ರಾ ಮೀನಿನ ಭ್ರೂಣದ ವಯಸ್ಸು ಗುರುತಿಸುವುದು ಹೇಗೆ?

ಲ್ಯಾಬಿಗೆ ಹೊಸದಾಗಿ ಬಂದವರು ಗಡಿಯಾರ ನೋಡಿ ಭ್ರೂಣದ ವಯಸ್ಸು ಬರೆದುಬಿಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಒಂದು ಡಿಸೆಂಬರ್‌ನಲ್ಲಿ ಇನ್‌ಕ್ಯುಬೇಟರ್‌ನಲ್ಲಿ ಜಾಗ ಸಾಲದೆ, ಔಷಧ ಹಾಕಿದ ಡಿಶ್‌ಗಳನ್ನು ಮಾತ್ರ ಮೇಜಿನ ಮೇಲಿಟ್ಟು ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಕಣ್ಣು ಚಿಕ್ಕದು, ಬಾಲ ಗಿಡ್ಡ. ಔಷಧದ ಪರಿಣಾಮ ಅಂದುಕೊಂಡು ಎರಡು ವಾರ ಕಳೆದೆ. ಆಗಿದ್ದು ಬರೀ ಚಳಿಯಿಂದ.

ಶುರು ಮಾಡುವ ಮುಂಚೆ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೇಳಿಕೊಳ್ಳಿ.

ಹಿಂದಿನ ಸಂಜೆ ಗಂಡು, ಹೆಣ್ಣನ್ನು ಒಂದೇ ತೊಟ್ಟಿಗೆ ಬಿಟ್ಟು ನಡುವೆ ಗಾಜಿನಂಥ ತಡೆ ಇಡಿ. ಹೊಟ್ಟೆ ದುಂಡಗಿರುವುದು ಹೆಣ್ಣು, ತೆಳ್ಳಗೆ ಹೊಂಬಣ್ಣಕ್ಕೆ ತಿರುಗಿರುವುದು ಗಂಡು. ತಳದಲ್ಲಿ ಜಾಲರಿ ಬೇಕೇ ಬೇಕು, ಇಲ್ಲದಿದ್ದರೆ ತಮ್ಮ ಮೊಟ್ಟೆಯನ್ನು ತಾವೇ ತಿಂದುಬಿಡುತ್ತವೆ. ದಿನಕ್ಕೆ 14 ಗಂಟೆ ಬೆಳಕು, 10 ಗಂಟೆ ಕತ್ತಲು. ಬೆಳಿಗ್ಗೆ ಲೈಟ್ ಹಾಕಿ ತಡೆ ತೆಗೆದರೆ ಸ್ವಲ್ಪ ಹೊತ್ತಿಗೇ ಮೊಟ್ಟೆ ಇಡುತ್ತವೆ. ಇದು ನಮ್ಮ ಉಪಖಂಡದ ಹಳ್ಳ, ಗದ್ದೆಗಳ ಮೀನು, ಬೆಳಗಾಗುವ ಹೊತ್ತೇ ಅದಕ್ಕೆ ಮೊಟ್ಟೆ ಇಡುವ ಹೊತ್ತು. (1822ರಲ್ಲಿ ಇದನ್ನು ಮೊದಲು ವಿವರಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್, ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆ ಸುತ್ತಿದ ಬುಕಾನನ್ನೇ. ಹೆಸರು ಬದಲಾಯಿಸಿಕೊಂಡದ್ದು ಆಮೇಲೆ.)

ಮೊಟ್ಟೆಗಳನ್ನು ಟೀ ಸೋಸುವ ಜಾಲರಿಯಲ್ಲಿ ಹಿಡಿದು ತೊಳೆದು, ಇ3 ಅನ್ನುವ ತೆಳು ಉಪ್ಪುನೀರಿಗೆ ಹಾಕಿ. ಬೂಸ್ಟು ಹಿಡಿಯದಿರಲಿ ಅಂತ ಅದಕ್ಕೆ ಚೂರು ಮೆಥಿಲೀನ್ ಬ್ಲೂ. ಒಂದು ಡಿಶ್‌ಗೆ 50ಕ್ಕಿಂತ ಜಾಸ್ತಿ ಬೇಡ. ಬೆಳ್ಳಗೆ ಮಬ್ಬಾದವು ಸತ್ತಿವೆ. ಕಂಡ ತಕ್ಷಣ ತೆಗೆಯಿರಿ, ಬಿಟ್ಟರೆ ನೀರು ಕೆಟ್ಟು ಉಳಿದವೂ ಹೋಗುತ್ತವೆ.

ಈಗ ಮೈಕ್ರೋಸ್ಕೋಪ್ ಮುಂದೆ ಕೂರಿ. ಗಂಟೆಯ ಲೆಕ್ಕವೆಲ್ಲ ಮೊಟ್ಟೆ ಫಲಿತವಾದ ಹೊತ್ತಿನಿಂದ. 28.5 ಡಿಗ್ರಿಯಲ್ಲಿ ಸುಮಾರು 45 ನಿಮಿಷಕ್ಕೆ ಒಂದು ಕೋಶ ಎರಡಾಗುತ್ತದೆ, ಆಮೇಲೆ ಹೆಚ್ಚುಕಮ್ಮಿ 15 ನಿಮಿಷಕ್ಕೊಮ್ಮೆ ದುಪ್ಪಟ್ಟು. ಮೂರು ಗಂಟೆ ಹೊತ್ತಿಗೆ ಮೊಟ್ಟೆಯೊಳಗಿನ ಆಹಾರದ ಉಂಡೆಯ (ಯೋಕ್) ಮೇಲೆ ಟೋಪಿ ಇಟ್ಟಂತೆ ಕೋಶಗಳ ಗುಡ್ಡೆ. ಆರು ಗಂಟೆಗೆ ಆ ಟೋಪಿ ಅರ್ಧ ಉಂಡೆಯನ್ನು ಮುಚ್ಚಿ, ಅದರ ಅಂಚು ಒಂದು ಕಡೆ ದಪ್ಪಗಾಗಿರುತ್ತದೆ. ಮುಂದೆ ಬೆನ್ನಾಗುವುದು ಆ ಕಡೆಯೇ. ಹತ್ತು ಗಂಟೆಗೆ ಉಂಡೆ ಪೂರ್ತಿ ಮುಚ್ಚುತ್ತದೆ. ಇದೆಲ್ಲ ಗಾಜಿನಂಥ ಮೊಟ್ಟೆಯೊಳಗೆ, ಏನೂ ಕತ್ತರಿಸದೆ, ಜೀವಂತವಾಗಿ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ವಯಸ್ಸು ಗುರುತಿಸಲು ಒಳ್ಳೆಯ ಅಳತೆ ಸಿಗುವುದು ಇಲ್ಲಿಂದ ಮುಂದೆ. ಬೆನ್ನಿನುದ್ದಕ್ಕೂ ಸೊಮೈಟ್ ಅನ್ನುವ ಗೆಣ್ಣಿನಂಥ ತುಂಡುಗಳು ಒಂದೊಂದಾಗಿ ಮೂಡುತ್ತವೆ. ಎಣಿಸಿ. 14 ಇದ್ದರೆ ಅದು 16 ಗಂಟೆಯ ಭ್ರೂಣ, 18 ಇದ್ದರೆ 18 ಗಂಟೆಯದು, 26 ಇದ್ದರೆ 22 ಗಂಟೆಯದು. ಒಂದು ದಿನ ತುಂಬುವ ಹೊತ್ತಿಗೆ ಹೃದಯ ಬಡಿಯುತ್ತಿರುತ್ತದೆ. ಮೊಟ್ಟೆ ಒಡೆದು ಬರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಒಂದೇ ತಾಯಿಯ ಮರಿಗಳಲ್ಲೂ ಒಂದು ಎರಡನೇ ದಿನ ಬಂದರೆ ಇನ್ನೊಂದು ಮೂರನೇ ದಿನ ಬರುತ್ತದೆ.

ಈ ಲೆಕ್ಕವನ್ನು 1995ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಕಿಮೆಲ್ ಮತ್ತು ಜೊತೆಯವರು ಪಟ್ಟಿ ಮಾಡಿ ಕೊಟ್ಟರು. ಬೇರೆ ತಾಪಮಾನಕ್ಕೂ ಅದರಲ್ಲೇ ಸೂತ್ರವಿದೆ: ತಾಪಮಾನವನ್ನು 0.055ರಿಂದ ಗುಣಿಸಿ, 0.57 ಕಳೆಯಿರಿ, ಬಂದದ್ದರಿಂದ 28.5 ಡಿಗ್ರಿಯ ಗಂಟೆಯನ್ನು ಭಾಗಿಸಿ. 25 ಡಿಗ್ರಿಯಲ್ಲಿ 24 ಗಂಟೆಯ ಹಂತ ಮುಟ್ಟಲು ಸುಮಾರು 30 ಗಂಟೆ ಬೇಕು. ನನ್ನ ಮೇಜಿನ ಮೇಲೆ ಆಗಿದ್ದೂ ಇದೇ ಅಲ್ವಾ?

ಮನುಷ್ಯನ ಜೀನ್‌ಗಳಲ್ಲಿ ಸುಮಾರು 70 ಶೇಕಡಾಕ್ಕೆ ಈ ಮೀನಿನಲ್ಲಿ ಜೋಡಿ ಇದೆ ಅಂತ 2013ರಲ್ಲಿ ಗೊತ್ತಾಯ್ತು. ಅದಕ್ಕೇ ಕಾಯಿಲೆಯ ಜೀನ್‌ಗಳನ್ನು ಇದರಲ್ಲಿ ಕೆಡಿಸಿ ನೋಡುತ್ತಾರೆ. ಆಗ ಹೋಲಿಕೆಗೆ ಅಂತ ಜೀನ್ ಕೆಡಿಸದ, ಅದೇ ತಾಯಿಯ ಮರಿಗಳನ್ನು, ಅದೇ ಶೆಲ್ಫಿನಲ್ಲಿ, ಅಷ್ಟೇ ಸಂಖ್ಯೆಯಲ್ಲಿ ಪಕ್ಕದಲ್ಲಿಡಿ. ಸೊಮೈಟ್ ಎಣಿಕೆ ಎರಡರಲ್ಲೂ ಒಂದೇ ಇದ್ದು ಹೃದಯ ಮಾತ್ರ ಸೊಟ್ಟಗಿದ್ದರೆ ಬೆನ್ನು ಹತ್ತಬೇಕಾದ ಸುಳಿವು ಅದು. ಎಲ್ಲವೂ ಸಮನಾಗಿ ಹಿಂದುಳಿದಿದ್ದರೆ ಮೊದಲು ಥರ್ಮಾಮೀಟರ್ ನೋಡಿ. ಮೈಗೆ ಬಣ್ಣ ಬರದಂತೆ ಪಿಟಿಯು ಅನ್ನುವ ರಾಸಾಯನಿಕ ಹಾಕುವವರು ಹೋಲಿಕೆಯ ಡಿಶ್‌ಗೂ ಹಾಕಿ, ಅದು ಥೈರಾಯ್ಡ್ ಕೆಲಸವನ್ನೂ ತಡೆಯುತ್ತದೆ. ನೋಟ್‌ಬುಕ್ಕಿನಲ್ಲಿ ಗಂಟೆಯ ಪಕ್ಕ ತಾಪಮಾನವನ್ನೂ ಸೊಮೈಟ್ ಸಂಖ್ಯೆಯನ್ನೂ ಬರೆಯಿರಿ.