ನೆಲಗಡಲೆ ಗದ್ದೆಗೆ ಪಂಪು ಯಾವಾಗ ಬೇಡ

ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಇಲ್ಲಿ ನೀರು ಉಳಿಸುವ ಮಾತೆತ್ತಿದರೆ ಘಟ್ಟದ ಮೇಲಿನ ನೆಂಟರು ನಗುತ್ತಾರೆ. ಮಾರ್ಚಲ್ಲಿ ಬಂದು ನಮ್ಮ ಬಾವಿ ಇಣುಕಲಿ! ಬೈಂದೂರು ಕಡೆಯ ಮರಳು ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ಕಡಲ ಹತ್ತಿರದ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಬೇರೆ ಏರುತ್ತದೆ. ಮಳೆ ನಿಂತ ಮೇಲೆ ಊರ ಕಿಂಡಿ ಅಣೆಕಟ್ಟಿಗೆ ನೀರು ತಡೆಯುವ ಹಲಗೆ ಬಿತ್ತಾ ಅಂತ ವಿಚಾರಿಸುತ್ತಿರಿ. ಬಾವಿಯಲ್ಲಿ ಎಷ್ಟು ನೀರು ಉಳಿಯುತ್ತದೆ ಎನ್ನುವುದು ಅದನ್ನೂ ಅವಲಂಬಿಸಿದೆ.

ಭತ್ತ ಕೊಯ್ದ ಕೂಡಲೇ, ಗದ್ದೆಯ ಪಸೆ ಆರುವ ಮುಂಚೆ ಉಳುಮೆ ಮಾಡಿ. ಡಿಸೆಂಬರ್ ಮೊದಲ ವಾರದೊಳಗೆ ನೆಲಗಡಲೆ ಬೀಜ ಬಿದ್ದರೆ ಮೊಳಕೆಗೆ ಆ ಪಸೆಯೇ ಬಹುಪಾಲು ಸಾಕು. ಜನವರಿಗೆ ದೂಡಿದರೆ ಕಾಯಿ ಬಲಿಯುವ ಹೊತ್ತಿಗೆ ಬಾವಿ ತಳ ಕಂಡಿರುತ್ತದೆ.

ಮೊಳಕೆ ಬಂದ ಮೇಲೆ ಸುಮ್ನೆ ಇರುವುದೇ ಕಷ್ಟ. ಹೂ ಬರುವವರೆಗೆ, ಅಂದರೆ ಸುಮಾರು 25 ದಿನ, ನೀರಿಗೆ ಕೈ ಬಿಗಿ ಹಿಡಿಯಿರಿ. ಬೇರು ಪಸೆ ಹುಡುಕಿಕೊಂಡು ಕೆಳಗಿಳಿಯಲಿ. ಮಧ್ಯಾಹ್ನ ಎಲೆ ಜೋತರೆ ಗಾಬರಿ ಬೇಡ. ಮರುದಿನ ಬೆಳಗ್ಗೆ ಅರಳಿ ನಿಂತಿದ್ದರೆ ಅವತ್ತು ಪಂಪು ಬೇಡ.

ಹೂ ಬಂದ ಮೇಲೆ ಜಿಪುಣತನ ಬಿಡಿ. ಹೂ ಬಾಡಿದ ಮೇಲೆ ಅದರ ಬುಡದಿಂದ ನೇರಳೆ ಛಾಯೆಯ ಸೂಜಿ ಹೊರಟು ಮಣ್ಣಿಗೆ ಇಳಿಯುತ್ತದೆ. ಅದರ ತುದಿಯಲ್ಲೇ ಕಾಯಿ. ಮೇಲ್ಮಣ್ಣು ಒಣಗಿ ಕಾದಿದ್ದರೆ ಸೂಜಿ ಒಳಗೆ ಹೋಗದೆ ಅಲ್ಲೇ ಸುರುಟುತ್ತದೆ. ಇನ್ನೊಂದು ವಿಷಯ: ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ, ಬೇರನ್ನು ಕಾಯುವುದಿಲ್ಲ. ಈ ಸುಣ್ಣದ ಅಂಶ ಕೊಡುವ ಜಿಪ್ಸಂ ಎಕರೆಗೆ 200 ಕಿಲೋ ಹಾಕಿಯೂ ಮೇಲ್ಮಣ್ಣು ಒಣಗಿದ್ದರೆ ಕಾಯಿ ಜೊಳ್ಳೇ. ಹಾಗಾಗಿ ಹೂವಿನ ಹೊತ್ತಿಗೆ ಜಿಪ್ಸಂ ಹಾಕಿ, ಬುಡಕ್ಕೆ ಮಣ್ಣು ಏರಿಸಿ, ಹದ ಕಾಯ್ದುಕೊಳ್ಳಿ. ಸೂಜಿ ಇಳಿದ ಮೇಲೆ ಕಳೆ ಕೀಳುವ ನೆಪದಲ್ಲಿ ಬುಡ ಕೆದಕಬೇಡಿ.

ಹದ ನೋಡುವುದು ಹೇಗೆ? ಬೆರಳಷ್ಟು ಆಳ ಕೆದಕಿ ಒಂದು ಹಿಡಿ ಮಣ್ಣು ಹಿಂಡಿ. ಉಂಡೆ ನಿಂತರೆ ನಾಳೆ ನೋಡೋಣ. ಕೂಡಲೇ ಉದುರಿದರೆ ನೀರು. ಮರಳಿಗೆ ಸ್ವಲ್ಪ ಸ್ವಲ್ಪವೇ, ಆಗಾಗ ಕೊಡಿ. ಒಂದೇ ಸಲ ಜಾಸ್ತಿ ಬಿಟ್ಟರೆ ಗೊಬ್ಬರವನ್ನೂ ಕರೆದುಕೊಂಡು ಬೇರಿನ ಕೆಳಗೆ ಇಳಿದು ಹೋಗುತ್ತದೆ, ಅಲ್ವಾ? ಮಣ್ಣಿನ ತೋಡಿನಲ್ಲಿ ನೀರು ಹರಿಸುವ ಬದಲು ಪೈಪನ್ನು ಪಾತಿಯವರೆಗೆ ಎಳೆಯಿರಿ. ಸ್ಪ್ರಿಂಕ್ಲರ್ ಇದ್ದವರು ಬೆಳಗ್ಗೆ ಬೇಗ ಮುಗಿಸಿ. ಕಡಲ ಗಾಳಿ ಎದ್ದ ಮೇಲೆ ಹನಿ ಪಕ್ಕದವರ ಗದ್ದೆಗೆ ಬೀಳುತ್ತದೆ. ಅವರಿಗೆ ಖುಷಿ.

ಮೂರು ತಿಂಗಳು ದಾಟಿದ ಮೇಲೆ ಅಲ್ಲಲ್ಲಿ ಗಿಡ ಕಿತ್ತು ಕಾಯಿ ಒಡೆಯಿರಿ. ಹೆಚ್ಚಿನವುಗಳ ಸಿಪ್ಪೆಯ ಒಳಮೈ ಕಪ್ಪಾಗಿದ್ದರೆ ನೀರು ನಿಲ್ಲಿಸಿ. ಮರಳಿನಿಂದ ಗಿಡ ಕೀಳಲು ನೀರು ಹಾಯಿಸಿ ಮೆದು ಮಾಡುವ ಖರ್ಚೂ ಇಲ್ಲ.