ಲೇಸರ್ ಕೀಬೋರ್ಡ್ ತಾನಾಗೇ ಟೈಪ್ ಮಾಡುತ್ತಿತ್ತು

ಶಿರಸಿಯ ನಮ್ಮ ಮನೆಯಲ್ಲಿ ಅಡಿಕೆ ಲೆಕ್ಕ ಈಗ ಮೊಬೈಲಿನಲ್ಲೇ. ಟೈಪ್ ಮಾಡಲು ಸುಲಭ ಆಗಲಿ ಎಂದು ಮೇಜಿನ ಮೇಲೆ ಕೆಂಪು ಬೆಳಕಿನ ಕೀಗಳನ್ನು ಮೂಡಿಸುವ ಲೇಸರ್ ಕೀಬೋರ್ಡ್ ತಂದೆ. ಬೆರಳು ಇಡುವ ಮೊದಲೇ ಪರದೆ ತುಂಬ ‘ಪಿಪಿಪಿಪಿ’! ಬ್ಲೂಟೂತ್ ಬಿಡಿಸಿ ಮತ್ತೆ ಜೋಡಿಸಿದರೂ ಅದೇ ಕಥೆ.

ನಮಗೆ ಕಾಣುವ ಕೆಂಪು ಚಿತ್ರ ಸುಮ್ನೆ ಗುರುತಿಗೆ. ನಿಜವಾದ ಕೆಲಸ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನದು. ಅದು ಮೇಜಿಗೆ ಹತ್ತಿದಂತೆ ತೆಳ್ಳಗೆ ಹರಡಿರುತ್ತದೆ. ಬೆರಳು ಅಡ್ಡ ಬಂದರೆ ಬೆಳಕು ವಾಪಸ್ ಪುಟಿಯುತ್ತದೆ, ಒಳಗಿನ ಕ್ಯಾಮೆರಾ ಆ ಜಾಗ ನೋಡಿ ಯಾವ ಕೀ ಎಂದು ಲೆಕ್ಕ ಹಾಕುತ್ತದೆ. ಅದಕ್ಕೆ ಬೆರಳಾದರೇನು, ಬಲಗಡೆ ‘ಪಿ’ ಕೀ ಇರುವಲ್ಲಿ ಇಟ್ಟ ಕಷಾಯದ ಸ್ಟೀಲ್ ಲೋಟವಾದರೇನು? ಲೋಟ ಎತ್ತಿದ ಕೂಡಲೇ ‘ಪಿ’ ಸಾಲು ನಿಂತಿತು.

ಮೇಜಿನ ಗಾಜಿನ ಮೇಲೆ ಕೀಗಳು ಮಸುಕಾಗಿದ್ದವು. ಹೊಳಪಿಲ್ಲದ, ಸಪಾಟಾದ ರಟ್ಟು ಹಾಸಿದೆ. ಕಿಟಕಿಯ ಬಿಸಿಲು ಬೀಳದ ಕಡೆ ಕೂತೆ. ಬೆರಳನ್ನು ಕೀ ಮೇಲೆ ಊರಿ ಇಡುವ ಹಾಗಿಲ್ಲ, ಎತ್ತಿ ಎತ್ತಿ ಕುಟ್ಟಬೇಕು. ಕಿರಿಕಿರಿ ಜಾಸ್ತಿಯೇ. ಉದ್ದದ ಬರಹಕ್ಕೆ ಇದು ಬೇಡ, ಅಂಕಿ ತುಂಬಲು ಪರವಾಗಿಲ್ಲ.

ಕೀಬೋರ್ಡ್ ಜೋಡಿಸಿದಾಗ ಮೊಬೈಲಿನ ಕನ್ನಡ ಕೀಬೋರ್ಡ್ ಮಾಯವಾದರೆ, ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಫಿಸಿಕಲ್ ಕೀಬೋರ್ಡ್ ಭಾಗದಲ್ಲಿ ಪರದೆಯ ಕೀಬೋರ್ಡ್ ತೋರಿಸುವ ಆಯ್ಕೆಯನ್ನು ಆನ್ ಮಾಡಿ.