ಹೊಳೆ ಬರುವ ಮೊದಲು ನಮ್ಮ ಮನೆಯ ಔಷಧ ಡಬ್ಬಿ

ನಾನು ನರಗುಂದದ ಒಂದು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್. ಮನೆ ಇರುವುದು ಮಲಪ್ರಭಾ ದಂಡೆಯ ಹಳ್ಳಿಯಲ್ಲಿ. ಮಳೆಗಾಲ ಹತ್ತಿರ ಬಂದರೆ ಸಾಕು, ಅಂಗಡಿಗೆ ಬರುವವರ ಮಾತು ಹೆಚ್ಚುಕಡಿಮೆ ಒಂದೇ: "ಹೊಳಿ ಬಂದ್ರ ದಾರಿ ಬಂದ್ ಆಗ್ತೈತ್ರಿ. ಮನ್ಯಾಗ ಇರ್ಲಿ, ಒಂದೆರಡು ಪಟ್ಟಿ ಆ್ಯಂಟಿಬಯಾಟಿಕ್ ಕೊಟ್ಟುಬಿಡ್ರಿ."

ಅವರ ಹೆದರಿಕೆ ಸುಳ್ಳಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಡ್ಯಾಂನಿಂದ ನೀರು ಬಿಟ್ಟಾಗ ಕೊಣ್ಣೂರು, ಲಖಮಾಪುರದಂಥ ಊರುಗಳಿಗೆ ಹೊಳೆ ನುಗ್ಗಿತ್ತು. ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ–ವಿಜಯಪುರ ರಸ್ತೆಯೇ ಬಂದ್ ಆಗಿತ್ತು. ಅಂಥ ಹೊತ್ತಿನಲ್ಲಿ ಆಸ್ಪತ್ರೆ ಮುಟ್ಟುವುದು ಕಷ್ಟ. ಅದಕ್ಕೇ ನಮ್ಮ ಮನೆಯಲ್ಲೂ ಒಂದು ಡಬ್ಬಿ ತಯಾರು ಮಾಡಿದ್ದೇನೆ. ಅದರಲ್ಲಿ ಏನಿದೆ, ಆ್ಯಂಟಿಬಯಾಟಿಕ್ ಯಾಕೆ ಇಷ್ಟೇ ಇದೆ ಅಂತ ಹೇಳುತ್ತೇನೆ.

ಡಬ್ಬಿ ಮಾಡುವ ಮೊದಲು ಮನೆಯಲ್ಲಿ ಆಗಲೇ ಏನೇನು ಇದೆ ಅಂತ ಹುಡುಕಿದೆ. ಫ್ರಿಜ್ ಮೇಲೆ, ದೇವರ ಮಾಡದಲ್ಲಿ, ಅವ್ವನ ಟ್ರಂಕಿನಲ್ಲಿ, ಎಲ್ಲ ಕಡೆ ಗುಳಿಗೆ. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? ಜಾಸ್ತಿ ಸಿಕ್ಕಿದ್ದು ಅರ್ಧಕ್ಕೆ ಬಿಟ್ಟ ಕೋರ್ಸುಗಳು. ಐದು ದಿನಕ್ಕೆ ಬರೆದಿದ್ದರಲ್ಲಿ ಎರಡು ದಿನ ತಿಂದು, ಜ್ವರ ಬಿಟ್ಟಿತು ಅಂತ ಎತ್ತಿಟ್ಟದ್ದು. ಇದೇ ಮುಂದೆ "ಮನೆಯಲ್ಲಿದೆ" ಅನ್ನುವ ದಾಸ್ತಾನು ಆಗುತ್ತದೆ. ಈ ಉಳಿದ ಮೂರು ನಾಲ್ಕು ಗುಳಿಗೆಯಿಂದ ಸಾಮಾನ್ಯವಾಗಿ ಸೋಂಕು ಪೂರ್ತಿ ವಾಸಿಯಾಗುವುದಿಲ್ಲ. ಸುಲಭಕ್ಕೆ ಸಾಯುವ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿಯಾದವು ಉಳಿದು ಬೆಳೆಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತಗೊಂಡಾಗಲೇ ಈ ಎಚ್ಚರಿಕೆ ಕೊಟ್ಟಿದ್ದರು.

ಒಂದು ಕತ್ತರಿಸಿದ ಪಟ್ಟಿ ಕೈಗೆ ಬಂತು. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಎಕ್ಸ್‌ಪೈರಿ ಇಲ್ಲ, ಬ್ಯಾಚ್ ನಂಬರ್ ಇಲ್ಲ. ಇವೆರಡೂ ಸಾಮಾನ್ಯವಾಗಿ ಪಟ್ಟಿಯ ಒಂದು ತುದಿಯಲ್ಲಿ ಅಚ್ಚಾಗಿರುತ್ತವೆ. ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟರೆ ಆ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ವರ್ಷ ಕಳೆದ ಮೇಲೆ ಆ ತುಂಡು ಯಾವ ಔಷಧಿ ಅಂತಲೂ ಗೊತ್ತಾಗುವುದಿಲ್ಲ. ಕೆಲವು ಗುಳಿಗೆ ಪೌಚಿನಿಂದ ಹೊರಗಿದ್ದವು. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಗುಳಿಗೆಗೆ ತೇವ ಆಗಿಬರುವುದಿಲ್ಲ, ಅದಕ್ಕೇ ಅದನ್ನು ಅಲ್ಯೂಮಿನಿಯಂ ಪಟ್ಟಿಯಲ್ಲಿ ಬಿಗಿಯಾಗಿ ಮುಚ್ಚಿರುತ್ತಾರೆ. ಮಳೆಗಾಲದಲ್ಲಿ ಬಿಚ್ಚಿಟ್ಟರೆ ಬಿಳಿ ಗುಳಿಗೆ ಹಳದಿಯಾಗಿ, ಅಂಟಂಟಾಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ತಗಡಿನ ಮನೆಯೊಳಗೆ ಕೇಳುವುದೇ ಬೇಡ. ಪಟ್ಟಿಯ ಮೇಲೆ "25 ಡಿಗ್ರಿಗಿಂತ ಕಡಿಮೆ" ಅಂತಲೋ "30 ಡಿಗ್ರಿಗಿಂತ ಕಡಿಮೆ" ಅಂತಲೋ ಬರೆದಿರುತ್ತದೆ. ಅಚ್ಚಾದ ತಾರೀಖಿನವರೆಗೆ ಔಷಧಿ ಚೆನ್ನಾಗಿರುವುದು ಅಲ್ಲಿ ಹೇಳಿದಂತೆ ಇಟ್ಟರೆ ಮಾತ್ರ.

ಎಕ್ಸ್‌ಪೈರಿ ಆದರೂ ನಡೆಯುತ್ತದೆ, ಅಮೆರಿಕದ ಸೈನ್ಯ ಹಾಗೇ ಬಳಸುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ. ಅಲ್ಲಿ ಹಳೆಯ ದಾಸ್ತಾನನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಅವಧಿ ಮುಂದೂಡುವುದು ನಿಜ. ಆದರೆ ಅದು ಒಡೆಯದ ಪ್ಯಾಕಿನಲ್ಲಿ, ತಂಪಾದ ಗೋದಾಮಿನಲ್ಲಿ ಇಟ್ಟ ಔಷಧಿ. ನಮ್ಮ ಟ್ರಂಕಿಗೂ ಅದಕ್ಕೂ ಏನು ಸಂಬಂಧ? ಟೆಟ್ರಾಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಹಳೆಯದಾಗಿ ಕೆಟ್ಟು ಕಿಡ್ನಿಗೆ ಪೆಟ್ಟು ಕೊಟ್ಟ ಪ್ರಕರಣಗಳು 1960ರ ದಶಕದಲ್ಲೇ ದಾಖಲಾಗಿವೆ.

ಇನ್ನು ಕಾನೂನು. ಆ್ಯಂಟಿಬಯಾಟಿಕ್ ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್‌ನಂಥವು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅನ್ನುವ, ಹೆಚ್ಚು ನಿಗಾ ಇಡುವ ಔಷಧಿಗಳ ಯಾದಿಯಲ್ಲಿವೆ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು, ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಾನು ಚೀಟಿ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಅಂತ ಅಂದಾಜು ಮಾಡಿದ್ದಾರೆ. ಕೌಂಟರಿನ ಈ ಕಡೆ ನಿಂತವನಿಗೆ ಅದು ಬರೀ ಲೆಕ್ಕ ಅನ್ನಿಸುವುದಿಲ್ಲ.

ಹಾಗಂತ ನಮ್ಮ ಡಬ್ಬಿಯಲ್ಲಿ ಆ್ಯಂಟಿಬಯಾಟಿಕ್ ಇಲ್ಲವೇ ಇಲ್ಲ ಅಂತಲ್ಲ. ಒಂದೇ ಒಂದು ಕೋರ್ಸ್ ಇದೆ, ಅವ್ವನ ಹೆಸರಿನಲ್ಲಿ. ಅವಳ ಒಂದು ಕಾಲು ವರ್ಷಗಳಿಂದ ಬಾತಿದೆ. ಆಗಾಗ ಅದು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬರುತ್ತದೆ. ಅದು ಚರ್ಮದ ಕೆಳಗಿನ ಸೋಂಕು, ತಡ ಮಾಡಿದರೆ ರಕ್ತಕ್ಕೆ ಏರಬಹುದು. ಈ ಸೋಂಕು ಮರಳಿ ಮರಳಿ ಬರುವವರಿಗೆ ಡಾಕ್ಟರು ಒಂದು ಕೋರ್ಸ್ ಮೊದಲೇ ಬರೆದುಕೊಡುವ ರೂಢಿ ಇದೆ. ನಾನು ಅವಳನ್ನು ಗದಗಿಗೆ ಕರೆದುಕೊಂಡು ಹೋಗಿ, ಹೊಳೆಯ ವಿಷಯ ಹೇಳಿ ಕೇಳಿದೆ. ಅಲ್ಲಿಯ ಡಾಕ್ಟರು ಅವಳ ಕಿಡ್ನಿ ಪರೀಕ್ಷೆ ನೋಡಿದರು, ಪೆನಿಸಿಲಿನ್ ಅಲರ್ಜಿ ಇದೆಯಾ ಅಂತ ವಿಚಾರಿಸಿದರು. ಆಮೇಲೆ ಬರೆದುಕೊಟ್ಟರು. ಯಾವ ಲಕ್ಷಣ ಕಂಡರೆ ಶುರು ಮಾಡಬೇಕು, ಎಷ್ಟು ದಿನ, ಶುರು ಮಾಡಿದ ಕೂಡಲೇ ಫೋನ್ ಮಾಡಬೇಕು ಅನ್ನುವುದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆ ಮೇಲೆ ಬರೆಸಿಕೊಂಡೆ. ಆ ಹಾಳೆ, ಚೀಟಿ, ಪೂರ್ತಿ ಪಟ್ಟಿಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿವೆ. ಬೇರೆ ಯಾರಿಗೆ ಜ್ವರ ಬಂದರೂ ಅದನ್ನು ಮುಟ್ಟುವ ಹಾಗಿಲ್ಲ. ತಂಗಿಯ ಮಗನಿಗೆ ಜ್ವರ ಬಂದಾಗ "ಅದನ್ನ ಒಂದು ಕೊಡಲೇನು" ಅಂತ ಅವ್ವನೇ ಕೇಳಿದಳು. ಕೊಡಲಿಲ್ಲ. ನೆಗಡಿಗೆ, ಡೆಂಗ್ಯೂಗೆ, ಸಾಮಾನ್ಯವಾಗಿ ಬರುವ ಎಷ್ಟೋ ಜ್ವರಗಳಿಗೆ ಕಾರಣ ವೈರಸ್. ಅದರ ಮೇಲೆ ಈ ಗುಳಿಗೆಗಳ ಆಟ ನಡೆಯುವುದಿಲ್ಲ.

ಹೊಳೆ ಬಂದಾಗ ನಿಜವಾಗಿ ಕಾಡುವುದು ನೀರು. ಕುಡಿಯುವ ನೀರು ಕೆಟ್ಟು ವಾಂತಿಭೇದಿ ಹತ್ತುತ್ತದೆ. ಅದರಲ್ಲಿ ಜೀವ ಹೋಗುವುದು ಮೈಯೊಳಗಿನ ನೀರು, ಉಪ್ಪು ಹೋಗುವುದರಿಂದ. ಹಾಗಾಗಿ ಡಬ್ಬಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಓಆರ್‌ಎಸ್. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಅದಕ್ಕಿಂತ ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು. ಅಳತೆ ತಪ್ಪಬಾರದು ಅಂತ ಒಂದು ಲೀಟರ್ ಬಾಟಲಿಯನ್ನೂ ಡಬ್ಬಿಯ ಜೊತೆಗೇ ಕಟ್ಟಿಟ್ಟಿದ್ದೇನೆ. ಮಕ್ಕಳಿಗೆ ಜಿಂಕ್ ಗುಳಿಗೆ, ಅದು ಭೇದಿ ನಿಂತರೂ 14 ದಿನ. ಜೊತೆಗೆ ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಗುಳಿಗೆ, ಪ್ಯಾರಾಸಿಟಮಾಲ್, ಗಾಯ ತೊಳೆದು ಕಟ್ಟಲು ಪೊವಿಡೋನ್ ಅಯೋಡಿನ್, ಗಾಜ್, ಬ್ಯಾಂಡೇಜ್. ಜ್ವರಕ್ಕೆ ಐಬುಪ್ರೊಫೆನ್ ಇಟ್ಟಿಲ್ಲ, ಡೆಂಗ್ಯೂ ಇದ್ದರೆ ಅದು ರಕ್ತಸ್ರಾವಕ್ಕೆ ದಾರಿ. ಅಪ್ಪನ ಬಿಪಿ, ಶುಗರ್ ಗುಳಿಗೆ ಹದಿನೈದು ದಿನಕ್ಕೆ ಆಗುವಷ್ಟು ಜಾಸ್ತಿ ಇರುತ್ತವೆ. ನನ್ನ ಕಣ್ಣಿಗೆ ಇದು ಆ್ಯಂಟಿಬಯಾಟಿಕ್‌ಗಿಂತ ದೊಡ್ಡ ತಯಾರಿ. ರಸ್ತೆ ಬಂದ್ ಆದಾಗ ಶುಗರ್ ಗುಳಿಗೆ ತಪ್ಪಿ ಪರದಾಡಿದವರನ್ನು ಕಣ್ಣಾರೆ ಕಂಡಿದ್ದೇನೆ.

ಇಲಿಜ್ವರದ ಮಾತು ಬರುತ್ತದೆ. ಇಲಿಯ ಮೂತ್ರ ಸೇರಿದ ನೀರಿನಲ್ಲಿ ಓಡಾಡಿದರೆ ಕಾಲಿನ ಗಾಯದಿಂದ ಸೋಂಕು ಒಳಗೆ ಹೋಗುತ್ತದೆ. 2018ರ ಪ್ರವಾಹದಲ್ಲಿ ಕೇರಳದವರು ನೀರಿನಲ್ಲಿ ಕೆಲಸ ಮಾಡಿದವರಿಗೆ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಹಂಚಿದ್ದರು. ಅದು ಆರೋಗ್ಯ ಇಲಾಖೆ ನೋಡಿ ಕೊಡುವ ಔಷಧಿ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಎಲ್ಲರಂತೆ ಕೊಡಲು ಬರುವುದಿಲ್ಲ. ಖಾಲಿ ಹೊಟ್ಟೆಗೆ ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ನಾನು ಮನೆಯಲ್ಲಿಟ್ಟಿದ್ದು ರಬ್ಬರ್ ಬೂಟು. ಟಿಟಿ ಚುಚ್ಚುಮದ್ದಿನ ತಾರೀಖು ಡಬ್ಬಿಯ ಮುಚ್ಚಳದ ಒಳಗೆ ಬರೆದಿದ್ದೇನೆ, 108 ಮತ್ತು ನಮ್ಮ ಆಶಾ ಕಾರ್ಯಕರ್ತೆಯ ನಂಬರ್ ಅದರ ಕೆಳಗೆ.

ಡಬ್ಬಿ ಅಟ್ಟದ ಮೇಲಿಲ್ಲ, ಅಲ್ಲಿ ತಗಡಿನ ಕಾವು. ನಡುಮನೆಯ ಗೋಡೆಗೆ, ಆಳೆತ್ತರದ ಮೊಳೆಗೆ ತೂಗುಹಾಕಿದ್ದೇನೆ. ಕೈಗೆ ಸಿಗಬೇಕು, ಮಕ್ಕಳಿಗೆ ನಿಲುಕಬಾರದು. ಮೇ ಕೊನೆಗೆ ಒಮ್ಮೆ ಎಲ್ಲ ಕೆಳಗಿಳಿಸಿ ತಾರೀಖು ನೋಡುತ್ತೇನೆ. ಅವಧಿ ಮುಗಿದ ಗುಳಿಗೆಯನ್ನು ಹಳ್ಳಕ್ಕೋ ತಿಪ್ಪೆಗೋ ಎಸೆಯುವುದಿಲ್ಲ, ಹೊಲಕ್ಕೆ ಹೋಗುವ ಗೊಬ್ಬರದಲ್ಲಿ ಔಷಧಿ ಸೇರಬಾರದು. ಅಂಗಡಿಗೆ ಒಯ್ದು, ಅಲ್ಲಿಯ ಅವಧಿ ಮುಗಿದ ಮಾಲಿನ ಜೊತೆ ಸೇರಿಸುತ್ತೇನೆ. ಓಣಿಯ ನಾಲ್ಕು ಮನೆಯವರು ಈಗ ತಮ್ಮ ಹಳೆಯ ಪಟ್ಟಿಗಳನ್ನೂ ನನ್ನ ಕೈಗೇ ಕೊಡುತ್ತಾರೆ.